ಧಾರಣಿ ಇಳೀತೈತಿ, ಸಾಲ ಇಳಿಯಂಗಿಲ್ಲ

2008 ಅಂದಕೂಡಲೇ ಹಣಕಾಸಿನ ಸುದ್ದಿ ಓದುವವರಿಗೆ ನೆನಪಾಗುವ ತಾರೀಖು ಸೆಪ್ಟೆಂಬರ್ 15. ನ್ಯೂಯಾರ್ಕಿನ ಲೆಹ್ಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ದಿವಾಳಿ ಅರ್ಜಿ ಹಾಕಿದ ದಿನ. ಹಾವೇರಿಯವರಿಗೆ ಆ ವರ್ಷ ಅಂದರೆ ಜೂನ್ 10. ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ರಾಜ್ಯದಲ್ಲಿ ಹೊಸ ಸರ್ಕಾರ ಬಂದು ಇನ್ನೂ ಎರಡು ವಾರ ತುಂಬಿರಲಿಲ್ಲ.

ಈ ಎರಡೂ ತಾರೀಖುಗಳನ್ನು ಒಂದೇ ಉಸಿರಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಒಂದನ್ನು ಜಾಗತಿಕ ಬಿಕ್ಕಟ್ಟು ಅಂತ ಬರೆಯುತ್ತಾರೆ, ಇನ್ನೊಂದನ್ನು ಕಾನೂನು ಸುವ್ಯವಸ್ಥೆಯ ಕಡತಕ್ಕೆ ಸೇರಿಸುತ್ತಾರೆ. ನನಗೆ ಮಾತ್ರ ಎರಡೂ ಒಂದೇ ಕಥೆಯ ಎರಡು ಪುಟಗಳಾಗಿ ಕಾಣುತ್ತವೆ, ಅದರಲ್ಲೂ ಹಾವೇರಿಯದು ಮೊದಲಿನ ಪುಟ.

ಆ ಜೂನ್ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಏನಾಗಿತ್ತು ನೋಡಿ. 2007ರ ಆರಂಭದಲ್ಲಿ ಟನ್ನಿಗೆ 300 ಡಾಲರಿನ ಒಳಗಿದ್ದ ಡಿಎಪಿ ಗೊಬ್ಬರ 2008ರ ಬೇಸಿಗೆಗೆ 1,000 ಡಾಲರ್ ದಾಟಿತ್ತು. ಕಚ್ಚಾ ತೈಲ ಜುಲೈನಲ್ಲಿ 147 ಡಾಲರ್ ಮುಟ್ಟಿತು. ಚೀನಾ ತನ್ನ ಗೊಬ್ಬರ ಹೊರಗೆ ಹೋಗದಂತೆ ಏಪ್ರಿಲ್‌ನಲ್ಲಿ ಭಾರೀ ರಫ್ತು ಸುಂಕ ಹಾಕಿತು. ಅಮೆರಿಕದಲ್ಲಿ ಮನೆ ಸಾಲಗಳು ಮುಳುಗತೊಡಗಿದಾಗ ಅಲ್ಲಿನ ಕೇಂದ್ರ ಬ್ಯಾಂಕು 2007ರ ಸೆಪ್ಟೆಂಬರಿನಿಂದಲೇ ಬಡ್ಡಿ ಇಳಿಸುತ್ತ ಬಂದಿತ್ತು, ಮನೆ ಮತ್ತು ಷೇರಿನಿಂದ ಹೊರಬಿದ್ದ ದುಡ್ಡಿನಲ್ಲಿ ಒಂದಷ್ಟು ಎಣ್ಣೆ, ಕಾಳು, ಲೋಹಗಳ ಕಡೆ ತಿರುಗಿತ್ತು. ಗೊಬ್ಬರದ ಬೆಲೆಗೆ ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅದೂ ಸೇರಿತ್ತು.

ನಮ್ಮಲ್ಲಿ ಡಿಎಪಿಯ ಮಾರಾಟ ದರವನ್ನು ಸರ್ಕಾರ ಟನ್ನಿಗೆ 9,350 ರೂಪಾಯಿಗೆ ಕಟ್ಟಿಹಾಕಿತ್ತು. ಅಂದರೆ ಐವತ್ತು ಕಿಲೋ ಚೀಲಕ್ಕೆ 467 ರೂಪಾಯಿ ಚಿಲ್ಲರೆ. ಹೊರಗಿನ ದರ ಮುಗಿಲು ಮುಟ್ಟಿದರೂ ಚೀಲದ ಮೇಲೆ ಅಚ್ಚಾದ ದರ ಕದಲಲಿಲ್ಲ, ಚೀಲವೇ ಬರಲಿಲ್ಲ. ಮಿರಗ ಮಳೆ ಕೂಡಿ, ಹೊಲ ಹದಕ್ಕೆ ಬಂದು, ಬೀಜ ಮನೆಯಲ್ಲಿಟ್ಟುಕೊಂಡು ಕೂತವನಿಗೆ ಒಂದು ವಾರ ತಡ ಅಂದರೆ ಒಂದು ವರ್ಷದ ಮಾತು. ಸೊಸೈಟಿ ಮುಂದೆ ನಸುಕಿನಲ್ಲೇ ಸಾಲು ಹಚ್ಚಿದವರಿಗೆ ಲೆಹ್ಮನ್ ಯಾರು ಅಂತ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವನು. ಅಮರಗೋಳದ ಎಪಿಎಂಸಿಯ ಅಂಗಡಿಗಳ ಕಿರ್ದಿ, ಖಾತೆ, ಜಿಎಸ್‌ಟಿ ನನ್ನ ನಿತ್ಯದ ಅನ್ನ. ಅದರಿಂದಲೋ ಏನೋ, ಆರ್ಥಿಕ ಬಿಕ್ಕಟ್ಟು ಅಂದಾಗ ನನ್ನ ಕಣ್ಣ ಮುಂದೆ ಮುಂಬೈ ಷೇರುಪೇಟೆಯ ಕೆಂಪು ಅಂಕಿಗಳು ಬರುವುದಿಲ್ಲ, ದಲಾಲಿ ಅಂಗಡಿಯ ಪಟ್ಟಿ ಬರುತ್ತದೆ. ಮಾಲು ಮಾರಿದ ಮೇಲೆ ರೈತನ ಕೈಗೆ ಕೊಡುವ ಅಂಗೈ ಅಗಲದ ಚೀಟಿ ಅದು. ಮೇಲೆ ಹೆಸರು, ಊರು. ಕೆಳಗೆ ಚೀಲದ ಲೆಕ್ಕ, ತೂಕ, ಧಾರಣಿ, ಒಟ್ಟು ಮೊತ್ತ. ಆಮೇಲೆ ಕಳೆಯುವ ಸಾಲುಗಳು: ಹಮಾಲಿ, ಗಾಡಿ ಬಾಡಿಗೆ, ಚೀಲದ ದುಡ್ಡು. ಕಟ್ಟಕಡೆಗೆ, ಒಂದು ಗೆರೆ ಎಳೆದು, ಹಿಂದಿನ ಬಾಕಿ. ಬಿತ್ತುವಾಗ ತಂದ ಮುಂಗಡ, ನಡುವೆ ಮದುವೆಗೋ ಆಸ್ಪತ್ರೆಗೋ ತಂದ ಕೈಗಡ, ಅದರ ಬಡ್ಡಿ. ಮೇಲಿನ ಸಾಲುಗಳನ್ನು ರೈತರು ಓದುವುದೇ ಇಲ್ಲ, ಅವು ಲಿಲಾವಿನಲ್ಲೇ ಗೊತ್ತಾಗಿರುತ್ತವೆ. ಹೆಬ್ಬೆರಳು ನೇರ ಆ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತದೆ.

ನವಲಗುಂದ ಕಡೆಯ ಹಿರಿಯರೊಬ್ಬರು ಒಮ್ಮೆ ಪಟ್ಟಿ ಹಿಡಿದುಕೊಂಡೇ ಹೇಳಿದ್ದರು: “ಧಾರಣಿ ಇಳೀತೈತಿ, ಏರತೈತಿ, ಅದಕ್ಕೇನ್ರೀ. ಸಾಲ ಇಳಿಯಂಗಿಲ್ಲ ನೋಡ್ರಿ.”

ಇದೇ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1933ರಲ್ಲಿ ಒಂದು ಸಿದ್ಧಾಂತವಾಗಿ ಬರೆದರು. ಮಹಾಕುಸಿತದ ನಡುವೆ ಕೂತು, ತಮ್ಮ ಸ್ವಂತ ಆಸ್ತಿಯನ್ನೂ ಷೇರುಗಳಲ್ಲಿ ಕಳೆದುಕೊಂಡ ಮೇಲೆ ಬರೆದದ್ದು. ಬೆಲೆಗಳು ಬಿದ್ದಾಗ ಸಾಲದ ಅಂಕಿ ಅಷ್ಟೇ ಇರುತ್ತದೆ, ಆದರೆ ಅದನ್ನು ತೀರಿಸಲು ಬೇಕಾಗುವ ಮಾಲು ಹೆಚ್ಚುತ್ತದೆ. ಎಲ್ಲರೂ ಒಟ್ಟಿಗೇ ತೀರಿಸಲು ಹೊರಟು ಮಾಲು ಮಾರಿದರೆ ಬೆಲೆ ಇನ್ನೂ ಬೀಳುತ್ತದೆ, ತೀರಿಸಿದಷ್ಟೂ ಸಾಲ ಭಾರವಾಗುತ್ತದೆ. ಲೆಕ್ಕ ಹಾಕಿ ನೋಡಿ: ಮೆಣಸಿನಕಾಯಿ ಕ್ವಿಂಟಲ್‌ಗೆ 20,000 ಇದ್ದಾಗ ಎರಡು ಲಕ್ಷ ಸಾಲ ಮಾಡಿದವನು ಹತ್ತು ಕ್ವಿಂಟಲ್ ಸಾಲ ಮಾಡಿದ ಹಾಗೆ. ಧಾರಣಿ 10,000ಕ್ಕೆ ಬಂದ ದಿನ ಅವನ ತಲೆಯ ಮೇಲೆ ಇಪ್ಪತ್ತು ಕ್ವಿಂಟಲ್ ಇದೆ. ಹೊಲ ಅಷ್ಟೇ, ಮಳೆ ಅಷ್ಟೇ, ದುಡಿಮೆ ಅಷ್ಟೇ.

ನಮ್ಮ ಎರಿ ನೆಲ ಈ ಪಾಠವನ್ನು ಫಿಶರ್‌ಗಿಂತ ಎಪ್ಪತ್ತು ವರ್ಷ ಮೊದಲೇ ಕಲಿತಿತ್ತು. ಶಾಲೆಯಲ್ಲಿ ನಮಗೆ ಇದನ್ನು ಹೇಳಿಕೊಡಲಿಲ್ಲ ಅನ್ನುವುದು ನನಗೆ ಇಂದಿಗೂ ನೋವು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಆಗ ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು, ಲಿಂಕನ್ ಸರ್ಕಾರ ಆ ಬಂದರುಗಳನ್ನು ಮುಚ್ಚಿಸಿತು. ಲ್ಯಾಂಕಶೈರಿನಲ್ಲಿ ಮಗ್ಗಗಳು ನಿಂತವು, ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟಾಯಿತು. ಇಂಗ್ಲಿಷರ ಕಣ್ಣು ಧಾರವಾಡ ಜಿಲ್ಲೆಯ ಮೇಲೆ ಬಿತ್ತು. ಬೀಳುವುದಕ್ಕೆ ಕಾರಣವೂ ಇತ್ತು. ಇಪ್ಪತ್ತು ವರ್ಷ ಮೊದಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನು ಕರೆಸಿ ಹುಬ್ಬಳ್ಳಿ ಪಕ್ಕದ ಕುಸುಗಲ್‌ನಲ್ಲಿ ನ್ಯೂ ಓರ್ಲಿಯನ್ಸ್ ತಳಿಯ ಹತ್ತಿ ಬೆಳೆಸಿ ನೋಡಿತ್ತು. ಹಿಂದುಸ್ತಾನದ ಬೇರೆ ಎಷ್ಟೋ ಕಡೆ ಸೋತ ಆ ತಳಿ ಇಲ್ಲಿ ನೆಲ ಹಿಡಿಯಿತು. ಧಾರವಾಡ ಅಮೆರಿಕನ್ ಅನ್ನುವ ಹೆಸರಿನಲ್ಲಿ ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಬೆಲೆ ಇತ್ತು. ನಮ್ಮ ಹಳೆಯ ನಾಟಿ ಹತ್ತಿಗೆ ಅಲ್ಲಿ ಕುಮಟಾ ಅಂತ ಹೆಸರು, ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟಾದಲ್ಲಿ ಅನ್ನುವ ಕಾರಣಕ್ಕೆ. ರೈಲು ಬರಲು ಇನ್ನೂ ಇಪ್ಪತ್ತು ವರ್ಷ ಇತ್ತು. ಹುಬ್ಬಳ್ಳಿ, ಗದಗಿನಿಂದ ಹತ್ತಿ ಅಂಡಿಗೆ ಹೊತ್ತ ಚಕ್ಕಡಿಗಳು, ಹೇರೆತ್ತುಗಳು ಕಾಡಿನ ದಾರಿಯಲ್ಲಿ ಘಟ್ಟ ಇಳಿದು ಸಮುದ್ರ ಸೇರಬೇಕಿತ್ತು. ಹತ್ತಿಯ ಹಸಿವು ಎಷ್ಟಿತ್ತೆಂದರೆ, ಮ್ಯಾಂಚೆಸ್ಟರಿನವರ ಕಂಪನಿಯೊಂದು ಕಾರವಾರದ ಹತ್ತಿರ ಸದಾಶಿವಗಡದಲ್ಲಿ ನೆಲೆ ಹೂಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಬಂದರಿನ ದಾರಿ ಮಾಡಿಕೊಡುವ ಒತ್ತಾಯ ಇತ್ತು.

ಹೊಲದ ದುಡ್ಡು ಇಲ್ಲಿ ಉಳಿಯಿತೇ? ಒಂದಷ್ಟು ಉಳಿಯಿತು. ಮನೆಗಳು ಎದ್ದವು, ಬಂಗಾರ ಬಂತು, ಜೋಳದ ಹೊಲಗಳು ಹತ್ತಿಗೆ ತಿರುಗಿದವು. ದೊಡ್ಡ ಪಾಲು ಮುಂಬೈಯಲ್ಲಿ ಬಿತ್ತು, ಅಲ್ಲಿ ಅದು ಷೇರಾಯಿತು. ಬ್ಯಾಂಕುಗಳು, ಹಡಗು ಕಂಪನಿಗಳು, ಸಮುದ್ರ ತುಂಬಿ ಭೂಮಿ ಮಾಡುವ ಕಂಪನಿಗಳು ದಿನಬೆಳಗಾದರೆ ಹುಟ್ಟುತ್ತಿದ್ದವು. ಪ್ರೇಮಚಂದ್ ರಾಯಚಂದ್ ಅನ್ನುವ ಹತ್ತಿ ದಲಾಲ ಆ ಕಾಲದ ಮುಂಬೈಯ ದೊರೆಯಂತಿದ್ದ. ಸಮುದ್ರ ತುಂಬಲು ಹೊರಟ ಬ್ಯಾಕ್ ಬೇ ಕಂಪನಿಯ ಷೇರು ಮುಖಬೆಲೆಯ ಎಷ್ಟೋ ಪಟ್ಟಿಗೆ ಮಾರಾಟವಾಗುತ್ತಿತ್ತು. ಸರ್ಕಾರದ ಪಾಲೂ ಇದ್ದ ಬ್ಯಾಂಕ್ ಆಫ್ ಬಾಂಬೆ ಷೇರನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತು. ಬಹುಪಾಲು ವ್ಯವಹಾರ ವಾಯಿದೆಯದು: ಇವತ್ತು ಮಾತು, 1865ರ ಜುಲೈ 1ಕ್ಕೆ ದುಡ್ಡು.

1865ರ ಏಪ್ರಿಲ್ 9ರಂದು ವರ್ಜೀನಿಯಾದಲ್ಲಿ ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾದ. ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬರುತ್ತದೆ ಅಂತಾಯಿತು. ಆ ಸುದ್ದಿ ಮುಂಬೈ ತಲುಪಿದ ಮೇಲೆ ಹತ್ತಿ ಬಿತ್ತು, ಹತ್ತಿಯ ಹಿಂದೆ ಷೇರು ಬಿತ್ತು. ಜುಲೈ 1 ಬಂದಾಗ ಕೊಡಬೇಕಾದವರ ಹತ್ತಿರ ಕೊಡಲು ಏನೂ ಇರಲಿಲ್ಲ. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಬಂತು. ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಬ್ಯಾಂಕು ಮುಳುಗಿ ಅಳಿದುಳಿದದ್ದನ್ನೂ ಎಳೆದುಕೊಂಡು ಹೋಯಿತು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆ ಬಾಗಿಲು ಹಾಕಿತು, ಅದೇ ಹೆಸರಿನಲ್ಲಿ ಬೇರೊಂದು ಬ್ಯಾಂಕು ಎದ್ದಿತು.

ಮುಂಬೈಯ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಇದರ ಮುಂದಿನದು. ಮುಂಬೈಯ ಸೇಠರು ದಿವಾಳಿ ಹೊಡೆದು ಕೈತೊಳೆದುಕೊಂಡರು, ಕೆಲವರು ಕೆಲವೇ ವರ್ಷದಲ್ಲಿ ಮತ್ತೆ ಎದ್ದರು. ಹೊಲದವನಿಗೆ ದಿವಾಳಿ ಅನ್ನುವ ಬಾಗಿಲೇ ಇರಲಿಲ್ಲ. ಹತ್ತಿಯ ಕಾಲದಲ್ಲಿ ಅವನ ಹೊಲಕ್ಕೆ ಕಟ್ಟಿದ ಬೆಲೆಯ ಮೇಲೆ ಸಾವಕಾರ ಕೊಟ್ಟ ಸಾಲ ಹಾಗೇ ಉಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಸರ್ಕಾರ ಮಾಡಿದ್ದು. ಮೂವತ್ತು ವರ್ಷದ ಹಳೆಯ ಸರ್ವೆ ಬಂದೋಬಸ್ತು ಮುಗಿದು, 1870ರ ದಶಕದಲ್ಲಿ ಧಾರವಾಡ ಜಿಲ್ಲೆಯ ತಾಲೂಕುಗಳಲ್ಲಿ ಕಂದಾಯ ಮರುನಿಗದಿಯಾಯಿತು. ಏರಿದ ಬೆಲೆಗಳನ್ನು ಲೆಕ್ಕಕ್ಕೆ ಹಿಡಿದು ಕಂದಾಯ ಏರಿಸಿದರು. ಬೆಲೆ ಬಂದುಹೋಗಿತ್ತು, ಅದರ ಹೆಸರಿನ ಕಂದಾಯ ಮುಂದಿನ ಮೂವತ್ತು ವರ್ಷಕ್ಕೆ ನೆಲೆ ಊರಿತು. ಆ ಮೇಲೆ 1876ರ ಮಳೆ ಕೈಕೊಟ್ಟಿತು. 1876ರಿಂದ 78ರ ಬರದ ನಂತರ 1881ರಲ್ಲಿ ಜನಗಣತಿ ನಡೆದಾಗ ಧಾರವಾಡ ಜಿಲ್ಲೆಯಲ್ಲಿ 1872ಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ಜನ ಕಡಿಮೆ ಇದ್ದರು. ಬರಕ್ಕೆ ಮಳೆ ಕಾರಣ, ಸರಿ. ಆದರೆ ಮಳೆ ಹೋದ ವರ್ಷ ಹಗೇವಿನಲ್ಲಿ ಜೋಳ ಎಷ್ಟಿತ್ತು, ಕೈಯಲ್ಲಿ ದುಡ್ಡು ಎಷ್ಟಿತ್ತು ಅನ್ನುವುದನ್ನು ಹತ್ತು ವರ್ಷ ಹಿಂದಿನ ಆ ಧಾರಣಿ ಬರೆದಿಟ್ಟು ಹೋಗಿತ್ತು ಅಂತಲೇ ನಾನು ನಂಬುತ್ತೇನೆ.

ನನಗೆ ಹೇಳಬೇಕಾದದ್ದು ಇಷ್ಟೇ. ಬೆಲೆ ಬೀಳುವುದು ಬಿಕ್ಕಟ್ಟಿನ ಸುದ್ದಿ ಮಾತ್ರ. ಬಿಕ್ಕಟ್ಟು ಹುಟ್ಟುವುದು ಬೆಲೆ ಮೇಲಿದ್ದಾಗ, ಆ ಬೆಲೆ ಹೀಗೇ ಇರುತ್ತದೆ ಅಂತ ನಂಬಿ ಕಾಗದದ ಮೇಲೆ ಸಹಿ ಬಿದ್ದ ದಿನ.

ಇದಕ್ಕೆ ನಮ್ಮ ಕಣ್ಣೆದುರಿನದೇ ಉದಾಹರಣೆ ಅದಿರಿನ ಲಾರಿಗಳು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮೊದಲಿನ ವರ್ಷಗಳಲ್ಲಿ ಚೀನಾ ಕಬ್ಬಿಣದ ಅದಿರನ್ನು ಬಾಚಿಕೊಳ್ಳುತ್ತಿತ್ತು. ಹೊಸಪೇಟೆ ಕಡೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹೋಗುವ ಲಾರಿಗಳ ಸಾಲಿಗೆ ಹಗಲು ರಾತ್ರಿ ಇರಲಿಲ್ಲ. ಹೆದ್ದಾರಿಯ ಬದಿಯ ಗಿಡಗಳು ಕೆಂಪು ಧೂಳು ಹೊತ್ತು ನಿಂತಿರುತ್ತಿದ್ದವು. ಹೊಲ ಅಡವಿಟ್ಟು ಲಾರಿ ತೆಗೆದವರು, ಒಂದರ ಕಂತು ಮುಗಿಯುವ ಮೊದಲೇ ಎರಡನೆಯದು ತೆಗೆದವರು ನಮ್ಮ ಓಣಿಯಲ್ಲೇ ಇದ್ದರು. 2008ರ ಚಳಿಗಾಲಕ್ಕೆ ಅದಿರಿನ ಬೆಲೆ ಕುಸಿಯಿತು, ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ನಮ್ಮ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅದು ಆಗಲೇಬೇಕಿದ್ದ ಕೆಲಸ. ಆದರೆ ಅಕ್ರಮ ಮಾಡಿದವರ ಹೆಸರು ಲೋಕಾಯುಕ್ತ ವರದಿಯಲ್ಲಿ ಬಂತು, ಕಂತು ಕಟ್ಟಲಾಗದೆ ಲಾರಿ ಬಿಟ್ಟುಕೊಟ್ಟವರ ಹೆಸರು ಎಲ್ಲೂ ಬರಲಿಲ್ಲ.

ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಪೇಟೆ ಬ್ಯಾಡಗಿಗೆ ಬರುತ್ತೇನೆ. 2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಪೇಟೆಯಲ್ಲಿ ಸೋಮವಾರ, ಗುರುವಾರ ಅಂದರೆ ಊರಿಗೆ ಊರೇ ಕೆಂಪಾಗುವ ದಿನಗಳು. ಅಂದು ಧಾರಣಿ ಒಮ್ಮೆಲೇ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ಇಳಿದದ್ದು ಕಂಡು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಬೆಂಕಿ ಆರಿಸಲು ಬಂದ ವಾಹನವೂ ಸುಟ್ಟಿತು. ಸುದ್ದಿವಾಹಿನಿಗಳು ಹೊಗೆಯನ್ನು ತೋರಿಸಿದವು. ಹೊಗೆಯ ಹಿಂದಿನ ಲೆಕ್ಕ ಬೇರೆ ಇತ್ತು. ಹಿಂದಿನ ಎರಡು ವರ್ಷದ ಏರುಧಾರಣಿ ನೋಡಿ ಬಳ್ಳಾರಿ, ರಾಯಚೂರು, ಆಂಧ್ರದ ತನಕ ಮೆಣಸಿನಕಾಯಿ ಹಾಕಿದ್ದರು. ಗೇಣಿ ಏರಿತ್ತು, ಕೂಲಿ ಏರಿತ್ತು, ಬೀಜ ಔಷಧಿ ಉದ್ರಿ ತಂದಿದ್ದರು. ಎಲ್ಲ ಉದ್ರಿಯೂ ಏರುಧಾರಣಿಯ ಲೆಕ್ಕದಲ್ಲಿ ಬರೆದದ್ದು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಂಜೆ ಊರಿಗೆ ಮರಳಿದರೆ ಯಾರ್ಯಾರು ಬಾಗಿಲಲ್ಲಿ ನಿಂತಿರುತ್ತಾರೆ ಅಂತ ಗೊತ್ತಿದ್ದವನ ಮನಸ್ಸು ಹೇಗಿರುತ್ತದೆ ಅನ್ನುವುದು, ಪಟ್ಟಿಗಳ ನಡುವೆ ಬದುಕುವ ನನಗೆ ಅರ್ಥವಾಗುತ್ತದೆ.

“ಅವತ್ತೇ ಯಾಕ ಮಾರಬೇಕು, ಕೋಲ್ಡ್ ಸ್ಟೋರೇಜಿನ್ಯಾಗ ಇಡಬಹುದಿತ್ತಲ್ಲ?” ಅಂತ ನಗರದ ಗೆಳೆಯರು ಕೇಳುತ್ತಾರೆ. ಬ್ಯಾಡಗಿ ಸುತ್ತ ಶೀತಲಗೃಹಗಳು ಇವೆ, ಹೌದು. ಇಟ್ಟವರೂ ಇದ್ದರು. 2025ರಲ್ಲೂ ಧಾರಣಿ ಏಳಲಿಲ್ಲ. ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಂಧ್ರದ ಮೆಣಸಿನಕಾಯಿಗೆ ಕ್ವಿಂಟಲ್‌ಗೆ 11,781 ರೂಪಾಯಿಯ ಮಾರುಕಟ್ಟೆ ಮಧ್ಯಪ್ರವೇಶ ದರ, ಅಂದರೆ ಬಿದ್ದ ಧಾರಣಿಗೆ ಆಸರೆಯ ದರ, ಘೋಷಿಸಬೇಕಾಗಿ ಬಂತು ಅಂದರೆ ಪೇಟೆಯ ಸ್ಥಿತಿ ತಿಳಿಯಿರಿ. ವರ್ಷವಿಡೀ ಬಾಡಿಗೆ ಕಟ್ಟಿ, ಬಡ್ಡಿ ಕಟ್ಟಿ, ಬಣ್ಣ ಮಾಸಿದ ಹಳೇ ಮಾಲನ್ನು ಹೊಸ ಮಾಲಿನ ಜೊತೆ ತಂದು ಮಾರಿದವರ ಪಟ್ಟಿಯನ್ನು ನೋಡುವುದೇ ಕಷ್ಟ. ಕಾಯುವ ಶಕ್ತಿ ಇದ್ದರಷ್ಟೇ ಸಾಲದು, ಎಷ್ಟು ದಿನ ಕಾಯಬೇಕು ಅನ್ನುವುದು ಮಾಲಿನವನ ಕೈಯಲ್ಲಿರುವುದಿಲ್ಲ.

ಇದನ್ನೆಲ್ಲ ಕಂಡುಂಡೇ ನಮ್ಮ ಹಿರಿಯರು ಒಂದು ಕೆಲಸ ಮಾಡಿದರು, ಅದನ್ನು ಹೇಳದೆ ಮುಂದೆ ಹೋಗಲಾರೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಇಡೀ ದೇಶದಲ್ಲಿ ಅದು ಮೊದಲನೆಯದು. ಆ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಹೊಣೆಗಾರಿಕೆಗೆ ಮಿತಿ ಇರಲಿಲ್ಲ, ಒಬ್ಬನ ಸಾಲಕ್ಕೆ ಎಲ್ಲರ ಹೊಲವೂ ಜವಾಬು. ಹಾಗಾಗಿ ಯಾರಿಗೆ ಎಷ್ಟು ಕೊಟ್ಟರೆ ತೀರಿಸಿಯಾನು ಅನ್ನುವುದನ್ನು ಊರೇ ಕೂತು ತೂಗಬೇಕಿತ್ತು. ಹತ್ತಿಯ ಧಾರಣಿ ಏರಿದೆ ಅಂತ ಕೈಬಿಚ್ಚಿ ಸಾಲ ಕೊಡುವುದು ಅಲ್ಲಿ ಸುಲಭವಿರಲಿಲ್ಲ. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಬಂದವು. ಹತ್ತಿಯನ್ನು ಒಟ್ಟುಗೂಡಿಸಿ, ದರ್ಜೆ ಮಾಡಿ, ಲಿಲಾವು ಮಾಡುವುದು, ಅಲ್ಲಿಯ ತನಕ ಮಾಲಿನ ಮೇಲೆ ರೈತನಿಗೆ ಮುಂಗಡ ಕೊಡುವುದು ಅವುಗಳ ಕೆಲಸ. ದಲಾಲನಿಗೆ ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ಬಂದ ಬೆಲೆಗೆ ಕೊಡುವುದು ಅಲ್ಲಿ ತಪ್ಪಿತು. ಬಿಕ್ಕಟ್ಟಿಗೆ ಇಷ್ಟು ನೇರವಾದ ಉತ್ತರವನ್ನು ನಮ್ಮ ಜಿಲ್ಲೆಯ ರೈತರು ನೂರು ವರ್ಷ ಹಿಂದೆಯೇ ಕೊಟ್ಟಿದ್ದರು ಅನ್ನುವುದು ನನಗೆ ದೊಡ್ಡ ಅಭಿಮಾನ.

ಈಗ ವಿದ್ಯಾನಗರದ ಚಹದಂಗಡಿಗಳ ಮುಂದೆ ನಿಂತರೆ ಇನ್ನೊಂದು ಬಗೆಯ ವಾಯಿದೆ ಕಿವಿಗೆ ಬೀಳುತ್ತದೆ. ಕಾಲೇಜು ಹುಡುಗರು, ಈಗಷ್ಟೇ ಕೆಲಸಕ್ಕೆ ಸೇರಿದವರು, ಕಾಲ್, ಪುಟ್, ಎಕ್ಸ್‌ಪೈರಿ ಅಂತ ಷೇರುಪೇಟೆಯ ವಾಯಿದೆ ವ್ಯವಹಾರದ ಮಾತಾಡುತ್ತಾರೆ. ಎಕ್ಸ್‌ಪೈರಿ ಅಂದರೆ ಆ ವಾಯಿದೆ ಮುಗಿಯುವ ದಿನ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಅವರೆಲ್ಲರ ಕೈಗೆ ಸಿಗಬೇಕು: 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅನ್ನುವ ಈ ವಾಯಿದೆ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಇಂಥವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೇಶದ ಮೂವತ್ತು ದೊಡ್ಡ ನಗರಗಳ ಹೊರಗಿನವರು. ಅಂದರೆ ನಮ್ಮಂಥ ಊರುಗಳವರು. 1865ರ ಜುಲೈ 1ಕ್ಕೂ ವಾರದ ಎಕ್ಸ್‌ಪೈರಿಗೂ ನಡುವೆ ತತ್ವದಲ್ಲಿ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಅಪ್ಪನ ಹೆಸರಿನಲ್ಲಿ ಬೆಳೆಸಾಲ ತೆಗೆದು ಮಗ ಇದಕ್ಕೆ ಹಾಕಿದ ಮನೆಗಳ ಬಗ್ಗೆ ಕೇಳಿದಾಗ ಎದೆ ಭಾರವಾಗುತ್ತದೆ.

ಹೊಲದ ವಿಷಯಕ್ಕೇ ಮರಳುತ್ತೇನೆ, ಯಾಕೆಂದರೆ ಮಾಡಬಹುದಾದ ಒಂದು ಕೆಲಸ ಅಲ್ಲಿದೆ. ಬ್ಯಾಡಗಿ ಪೇಟೆಗೆ ಅತಿ ಹೆಚ್ಚು ಆವಕ ಬರುವುದು ಜನವರಿಯಿಂದ ಮಾರ್ಚ್ ತನಕ. ಬಹಳ ಕಡೆ ಸೊಸೈಟಿ ಸಾಲದ ಗಡುವು ಬೀಳುವುದೂ ಮಾರ್ಚ್ ಕೊನೆಗೆ. ರಾಜ್ಯದಲ್ಲಿ ಸಹಕಾರಿ ಬೆಳೆಸಾಲಕ್ಕೆ ಐದು ಲಕ್ಷದ ತನಕ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಆ ರಿಯಾಯಿತಿ ತಪ್ಪಬಾರದು ಅಂತ ಜನ ಏನು ಮಾಡುತ್ತಾರೆ ಗೊತ್ತೇ? ಸಿಕ್ಕ ಧಾರಣಿಗೆ ಮಾರುತ್ತಾರೆ. ಅಷ್ಟಕ್ಕೂ ಸಾಲದಿದ್ದರೆ ನಾಲ್ಕಾರು ದಿನದ ಮಟ್ಟಿಗೆ ಖಾಸಗಿಯವರಿಂದ ಭಾರೀ ಬಡ್ಡಿಗೆ ತಂದು ಸೊಸೈಟಿಗೆ ತುಂಬಿ, ಹೊಸ ಸಾಲ ಬಂದ ಮೇಲೆ ಅದನ್ನು ಹಿಂದಿರುಗಿಸುತ್ತಾರೆ. ಬಡ್ಡಿಯಿಲ್ಲದ ಸಾಲಕ್ಕೆ ಹೀಗೆ ಬಡ್ಡಿ ಬೀಳುತ್ತದೆ. ಸಾವಿರಾರು ಮಂದಿ ಒಂದೇ ತಿಂಗಳಲ್ಲಿ ಒಂದೇ ಪೇಟೆಗೆ ಇದೇ ಒತ್ತಡ ಹೊತ್ತು ಬಂದರೆ, ಫಿಶರ್ ಹೇಳಿದ ಸುಳಿ ಅಲ್ಲೇ ತಿರುಗುತ್ತದೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಕುರಿತ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯೇ ಮರುಪಾವತಿಯ ಅವಧಿಯನ್ನು ಬೆಳೆಯ ಕಟಾವು ಮತ್ತು ಮಾರಾಟದ ಕಾಲ ನೋಡಿ ನಿಗದಿ ಮಾಡಬೇಕು ಅನ್ನುತ್ತದೆ. ಹಾಗಿದ್ದ ಮೇಲೆ ಮೆಣಸಿನಕಾಯಿ ಬೆಳೆಯುವ ತಾಲೂಕುಗಳಲ್ಲಿ ಗಡುವನ್ನು ಜೂನ್ ಕೊನೆಗೆ ಹಾಕಲು ಅಡ್ಡಿ ಏನು? ಮೂರು ತಿಂಗಳ ಬಡ್ಡಿಯನ್ನು ಸರ್ಕಾರ ಹೊತ್ತರೆ ಆಗುವ ಖರ್ಚು ಸಾಲಮನ್ನಾದ ಒಂದು ಸಣ್ಣ ಪಾಲೂ ಆಗಲಾರದು. ಇಟ್ಟವರಿಗೆಲ್ಲ ಬೆಲೆ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ, 2025 ನೋಡಿದ ಮೇಲೆ ಯಾರೂ ಹೇಳಲಾರರು. ಎಲ್ಲರೂ ಒಂದೇ ದಿನ ಮಾರಲೇಬೇಕಾದ ಅನಿವಾರ್ಯ ತಪ್ಪುತ್ತದೆ, ಅಷ್ಟು. ಸೊಸೈಟಿಗಳ ವಾರ್ಷಿಕ ಸರ್ವಸಾಧಾರಣ ಸಭೆ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಯ ಸದಸ್ಯರು ಈ ಸಲದ ಸಭೆಗೆ ಹೋಗಿ ಗಡುವಿನ ತಾರೀಖನ್ನು ವಿಷಯಪಟ್ಟಿಗೆ ಹಾಕಿಸಿ, ಠರಾವು ಮಾಡಿ ಜಿಲ್ಲಾ ಸಹಕಾರಿ ಬ್ಯಾಂಕಿಗೆ ಕಳಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಒಕ್ಕಣೆ ಬರೆದುಕೊಡಲು ನಾನು ಸಿದ್ಧ.